ನಾಳೆಮ್ಮನ ಇವತ್ತು

ಸೊಸೆ ನೆಲದ ಮೇಲೆ ಅಯಸ್ಕಾಂತ ಎಳೆಯುತ್ತಿದ್ದಳು. ಹೊಲಿಗೆ ಅಂಗಡಿಯಲ್ಲಿ ಬೆಳಗಿನ ಮೊದಲ ಕೆಲಸ ಅದು. ಹಿಂದಿನ ದಿನ ಬಿದ್ದ ಗುಂಡುಸೂಜಿಗಳು ಬಂದು ಅಂಟಿಕೊಳ್ಳಬೇಕು, ಇಲ್ಲವಾದರೆ ಯಾರದಾದರೂ ಕಾಲಿಗೆ ಚುಚ್ಚುತ್ತವೆ. ಕಿಟಕಿಯಿಂದ ಬಾಗಿಲಿನವರೆಗೂ ಎಳೆದಳು. ಅಂಟಿದ್ದು ಒಂದೇ ಒಂದು. ಸೂಜಿ ಬೀಳಬೇಕಾದರೂ ಕೆಲಸ ಇರಬೇಕಲ್ಲ. ಅತ್ತೆಯೂ ಅದನ್ನು ನೋಡಿದರು.

ಅಂಗಡಿ ಮೊದಲು ದೊಡ್ಡ ರಸ್ತೆಯಲ್ಲಿತ್ತು. ಆ ಕಟ್ಟಡ ಕೆಡವುತ್ತಾರೆಂದು ಹಿಂದಿನ ಗಲ್ಲಿಗೆ, ಬೇಕರಿಯ ಮೇಲಿನ ಕೋಣೆಗೆ ಬಂದಿದ್ದರು. ಹಳೆಯ ಬಾಗಿಲಿಗೆ ಅಂಟಿಸಿದ ಹೊಸ ವಿಳಾಸದ ಕಾಗದ ಗಾಳಿಗೆ ಹಾರಿಹೋಯಿತು. ಬಂದವರು ಬೀಗ ನೋಡಿ, "ಪಾಪ, ಮುಚ್ಚಿಬಿಟ್ಟರು" ಅಂದುಕೊಂಡು ಹೋಗುತ್ತಿದ್ದರು. ಇಲ್ಲಿ ಹೊಲಿದು ಮುಗಿಸಿದ ಬಟ್ಟೆಗಳು ಗೂಟದಲ್ಲಿ ನೇತಾಡುತ್ತಾ ಧೂಳು ಕುಡಿಯುತ್ತಿದ್ದವು.

ಅತ್ತೆಗೆ ಇನ್ನೊಂದು ಹೆಸರಿತ್ತು, ನಾಳೆಮ್ಮ. ಬಟ್ಟೆ ಯಾವಾಗ ಸಿಗುತ್ತೆ ಎಂದು ಯಾರು ಕೇಳಿದರೂ "ನಾಳೆ ಬನ್ನಿ" ಅನ್ನುವುದು ಅವರ ನಾಲಿಗೆಗೆ ಅಂಟಿದ ಚಾಳಿ. ಕೈ ಮಾತ್ರ ಚಿನ್ನ. ಆ ಕೈಗಾಗಿ ಜನ ಆ ನಾಲಿಗೆಯನ್ನು ಸಹಿಸಿಕೊಂಡಿದ್ದರು.

"ಹೀಗೇ ಆದರೆ ನಿನ್ನ ಮಷಿನ್ ಯಾರಿಗಾದರೂ ಕೊಟ್ಟುಬಿಡೋಣ," ಎಂದರು ನಾಳೆಮ್ಮ. "ನೀನು ಬಟ್ಟೆ ಕಾರ್ಖಾನೆಗೆ ಸೇರ್ಕೊ. ಇಬ್ಬರೂ ಕೂತು ನೊಣ ಹೊಡೆಯೋದು ಯಾಕೆ?"

ಸೊಸೆ ತಲೆ ತಗ್ಗಿಸಿದಳು. ಕಾರ್ಖಾನೆಯಲ್ಲಿ ದಿನವಿಡೀ ಕಾಲರ್ ಒಂದನ್ನೇ ಹೊಲಿಯಬೇಕು ಎಂದು ಅವಳು ಕೇಳಿದ್ದಳು. ಇಲ್ಲಿ ಒಂದು ಅಂಗಿ ಹುಟ್ಟಿ, ಬೆಳೆದು, ಯಾರದೋ ಮೈಮೇಲೆ ಕೂತು ಬಾಗಿಲು ದಾಟುವುದನ್ನು ನೋಡಬಹುದು. ಅವಳಿಗೆ ಆ ಮಷಿನ್ ಬಿಡಲು ಮನಸ್ಸಿಲ್ಲ. ಹೇಳಲು ಬಾಯೂ ಇಲ್ಲ.

ಅಷ್ಟರಲ್ಲಿ ಕೆಳಗಿನ ಬೇಕರಿಯವನು ಮೆಟ್ಟಿಲು ಹತ್ತಿ ಬಂದ. ಎಲ್ಲರೂ ಅವನನ್ನು ಬನ್ನಣ್ಣ ಅನ್ನುತ್ತಾರೆ. ಗೂಟದ ಬಟ್ಟೆಗಳನ್ನು ನೋಡಿ ಕೇಳಿದ, "ಇವರಿಗೆಲ್ಲ ಫೋನಲ್ಲಿ ಸುದ್ದಿ ಕಳಿಸಿದ್ರಾ ಅಕ್ಕ? ನಾನು ಬನ್ ಬಿಸಿಯಾಗಿ ಹೊರಗೆ ಬಂದ ಕೂಡಲೇ ಒಂದು ಫೋಟೊ ಬಿಡ್ತೀನಿ. ಬನ್ ಆರೋ ಮೊದಲೇ ಜನ ಬಂದಿರ್ತಾರೆ."

"ನಿನ್ನ ಬನ್ನು ಹೊಟ್ಟೆಗೆ, ನನ್ನ ಬಟ್ಟೆ ಮೈಗೆ. ಫೋನಲ್ಲಿ ಅಳತೆ ತಗೊಳ್ಳೋಕಾಗತ್ತಾ?"

"ಅಳತೆ ನೀವೇ ತಗೊಳ್ಳಿ. ಗಿರಾಕಿಗೆ ಮೆಟ್ಟಿಲು ತೋರಿಸೋದಷ್ಟೇ ಫೋನಿನ ಕೆಲಸ."

"ನನ್ನ ಕೆಲಸವೇ ಮಾತಾಡತ್ತೆ ಕಣೋ."

"ಮಾತಾಡತ್ತೆ ಅಕ್ಕ. ಆದರೆ ಸದ್ಯಕ್ಕೆ ಗೋಡೆ ಹತ್ರ ಮಾತಾಡ್ತಿದೆ."

ಸೊಸೆ ನಗು ನುಂಗಿಕೊಂಡಳು. ನಾಳೆಮ್ಮ ಬಿಡಲಿಲ್ಲ. "ಹೊತ್ತಲ್ಲದ ಹೊತ್ತಲ್ಲಿ ಅದು ತಗೊಳ್ಳಿ, ಇದು ತಗೊಳ್ಳಿ ಅಂತ ತಲೆ ತಿನ್ನೋರು ಸಾಲದಾ? ನಾನೂ ಆ ಸಾಲಿಗೆ ಸೇರ್ಲಾ?"

"ಅದು ಮಾತ್ರ ಬೇಡ," ಎಂದ ಬನ್ನಣ್ಣ. "ಬಟ್ಟೆ ಆದಾಗ ತಿಳಿಸಿ ಅಂತ ನಂಬರ್ ಕೊಟ್ಟಿದ್ದಾರಲ್ಲ, ಅವರಿಗೆ ಅದನ್ನ ತಿಳಿಸಿ. ಬೇರೆ ಸುದ್ದಿ ಕಳಿಸಬೇಕು ಅಂದ್ರೆ ಮೊದಲು ಅವರನ್ನೇ ಕೇಳಿ. ಬೇಡ ಅಂದವರನ್ನ ಬಿಟ್ಟುಬಿಡಿ. ಎಲ್ಲರನ್ನೂ ಒಂದೇ ಗುಂಪಿಗೆ ತುರುಕಬೇಡಿ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣತ್ತೆ. ಅವರವರಿಗೆ ಬೇರೆ ಬೇರೆ ಹೋಗಲಿ. ಅಂಗಡಿ ಎಲ್ಲಿದೆ ಅಂತ ಫೋನಿನ ನಕ್ಷೆ ಜೊತೆಗಿರಲಿ. ನಿಮಗಿದು ಖರ್ಚಿನ ಬಾಬತ್ತೂ ಅಲ್ಲ, ಇರೋ ಫೋನೇ ಸಾಕು."

ಕೊನೆಗೆ ನಾಳೆಮ್ಮ ಫೋನನ್ನು ಇಸ್ತ್ರಿಪೆಟ್ಟಿಗೆ ಹಿಡಿದ ಹಾಗೆ ಗಟ್ಟಿಯಾಗಿ ಹಿಡಿದುಕೊಂಡರು. ಗಂಟಲು ಸರಿಮಾಡಿಕೊಂಡು ಹೇಳಿದರು: "ನಿಮ್ಮ ಬಟ್ಟೆ ರೆಡಿ ಇದೆ. ನಾವೀಗ ಹಿಂದಿನ ಗಲ್ಲಿಯ ಬೇಕರಿ ಮೇಲೆ ಇದ್ದೀವಿ. ನಾಳೆ ಬನ್ನಿ."

ಬನ್ನಣ್ಣ ಫೋನಿನಲ್ಲಿ ಮುದ್ರಿಸಿಕೊಂಡ ಆ ಧ್ವನಿಯನ್ನು ನಂಬರ್ ಕೊಟ್ಟವರಿಗೆಲ್ಲ ಬೇರೆ ಬೇರೆಯಾಗಿ ಕಳಿಸಿಕೊಟ್ಟು ಒಲೆ ನೋಡಲು ಓಡಿದ.

ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ.

"ನೋಡಿದ್ಯಾ?" ಎಂದರು ನಾಳೆಮ್ಮ. ಗೆದ್ದ ಮಾತು, ಸೋತ ಮುಖ. "ಫೋನು ಬಟ್ಟೆ ಮಾರತ್ತಂತೆ."

ಸೊಸೆ ಫೋನ್ ತೆಗೆದುಕೊಂಡಳು. ದೊಡ್ಡಾಸ್ಪತ್ರೆಯ ನರ್ಸಮ್ಮನಿಂದ ಉತ್ತರ ಬಂದಿತ್ತು: "ಆಯ್ತು ನಾಳೆಮ್ಮ, ನಾಳೆ ತಾನೆ?" ಪಕ್ಕದಲ್ಲಿ ನಗುವ ಮುಖಗಳು. ಸೊಸೆ ಅತ್ತೆಯ ಧ್ವನಿಯನ್ನು ಮತ್ತೆ ಹಾಕಿ ಕೇಳಿದಳು. ಆಮೇಲೆ ಅವಳಿಗೇ ಕೇಳಿಸದಷ್ಟು ಮೆಲ್ಲಗೆ, "ಅತ್ತೆ, ನೀವು ನಾಳೆ ಅಂದುಬಿಟ್ಟಿದ್ದೀರಿ," ಎಂದಳು.

"ಮತ್ತೇನನ್ನಬೇಕಿತ್ತು?"

"ನಿಮ್ಮ ನಾಳೆ ಯಾವತ್ತು ಬರತ್ತೆ ಅಂತ ಎಲ್ಲರಿಗೂ ಗೊತ್ತಲ್ಲ ಅತ್ತೆ."

ನಾಳೆಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟೋ ದಿನದಿಂದ ಆ ಕೋಣೆಯಲ್ಲಿ ಅಂಥ ಸದ್ದು ಕೇಳಿರಲಿಲ್ಲ. "ಮೂಗಿ ಹಾಗಿದ್ದುಕೊಂಡು ಏನು ಮಾತು ಹೇಳ್ತೀಯೇ. ನೀನೇ ಕಳಿಸು ಹಾಗಾದ್ರೆ."

ಸೊಸೆಗೆ ಹೆಚ್ಚು ಮಾತು ಬಾರದಿದ್ದರೂ ನೋಡುವುದು ಬರುತ್ತಿತ್ತು. ನರ್ಸಮ್ಮನ ಸಮವಸ್ತ್ರದ ಧೂಳು ಕೊಡವಿ, ಇಸ್ತ್ರಿ ಮಾಡಿ, ಕಿಟಕಿಯ ಬೆಳಕಿಗೆ ನೇತುಹಾಕಿದಳು. ಕೇಳಿ ಮಾಡಿಸಿಕೊಂಡಿದ್ದ ಆಳದ ಜೇಬು ಕಾಣುವ ಹಾಗೆ ಫೋಟೊ ತೆಗೆದಳು. ಕೆಳಗೆ ಬರೆದಳು: "ಇದು ನಿಮ್ಮದು. ಮುಗಿದಿದೆ. ಇವತ್ತು ಕತ್ತಲಾಗುವವರೆಗೂ ಇರುತ್ತೇವೆ." ನಕ್ಷೆಯನ್ನೂ ಸೇರಿಸಿದಳು. ಉಳಿದವರಿಗೂ ಅವರವರ ಬಟ್ಟೆಯ ಫೋಟೊ ಹೋಯಿತು.

ಸಂಜೆ ನರ್ಸಮ್ಮ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದರು. "ಇವತ್ತು ಅಂತ ಬಂದಿತ್ತು. ನಾಳೆಮ್ಮನ ಅಂಗಡಿಯೇ ಹೌದಾ ಅಂತ ಎರಡೆರಡು ಸಲ ಓದಿದೆ." ಸಮವಸ್ತ್ರ ಹಾಕಿಕೊಂಡು ಜೇಬಿನೊಳಗೆ ಮಣಿಕಟ್ಟಿನವರೆಗೂ ಕೈ ಇಳಿಸಿ ನೋಡಿದರು. "ಫೋಟೊ ನಮ್ಮ ವಾರ್ಡಲ್ಲಿ ತೋರಿಸ್ದೆ. ಇಂಥ ಜೇಬು ಅವರಿಗೂ ಬೇಕಂತೆ. ಅಳತೆ ಕೊಡೋಕೆ ಯಾವಾಗ ಬರಲಿ ಅವರು?"

ನಾಳೆಮ್ಮ ಬಾಯಿ ತೆರೆದರು.

"ನಾ..." ಎಂದವರೇ ತಡೆದು, "ಇವತ್ತೇ ಕಳಿಸಿ," ಎಂದರು.

ಮಷಿನ್ ಕೊಟ್ಟುಬಿಡುವ ಮಾತು ಮತ್ತೆ ಏಳಲಿಲ್ಲ. ಈಗ ಬೆಳಗ್ಗೆ ಅಯಸ್ಕಾಂತ ಎಳೆದರೆ ಸೂಜಿಗಳು ಮುಳ್ಳುಹಂದಿಯ ಮೈಯಂತೆ ಅಂಟಿ ನಿಲ್ಲುತ್ತವೆ.

ಹೊಲಿಗೆಯೋ, ಬೀಗ ರಿಪೇರಿಯೋ, ಸೊಪ್ಪಿನ ಗಾಡಿಯೋ, ನಿಮ್ಮ ಕಸುಬು ಯಾವುದೇ ಇರಲಿ, ಅಕ್ಕಂದಿರೇ, ಅಣ್ಣಂದಿರೇ, ನೀವು ಎಲ್ಲಿದ್ದೀರಿ, ಯಾವ ಹೊತ್ತಿಗೆ ಸಿಗುತ್ತೀರಿ, ಇವತ್ತು ಏನಿದೆ ಎಂದು ನಿಮ್ಮ ಗಿರಾಕಿಗೆ ಫೋನಿನಲ್ಲಿ ತಿಳಿಸಿ. ಕೇಳಿ ಕಳಿಸಿ, ಕಡಿಮೆ ಕಳಿಸಿ, ನಿಜವನ್ನೇ ಕಳಿಸಿ. ಗಿರಾಕಿ ಕೊಡಿಸುತ್ತೇವೆಂದು ಗೊತ್ತಿಲ್ಲದವರು ಫೋನಿಗೆ ಬರುವ ಒಟಿಪಿಯಂಥ ಗುಟ್ಟಿನ ನಂಬರ್ ಕೇಳಿದರೆ ಕೊಡಬೇಡಿ. ನಿಮ್ಮ ಒಳ್ಳೆಯ ಕೆಲಸ ಗೋಡೆಯ ಜೊತೆ ಮಾತಾಡುತ್ತಾ ಕೂರದಿರಲಿ. ನಾಳೆ ಮಾಡೋಣ ಅನ್ನಬೇಡಿ.

ಬೇಕರಿಯ ಮೇಲೆ ಎರಡೂ ಮಷಿನ್ ಓಡುತ್ತಿವೆ. ಬಾಗಿಲಲ್ಲಿ ಅಳತೆ ಕೊಡಲು ಬಂದವರು ಹರಟುತ್ತಿದ್ದಾರೆ. ಆ ಗದ್ದಲದ ನಡುವೆ, ಬಾಯಲ್ಲಿ ದಾರ ಕಚ್ಚಿಕೊಂಡೇ ನಾಳೆಮ್ಮ ಹೇಳುತ್ತಾರೆ:

"ಯಾರಾದರೂ ಆ ಫೋನನ್ನ ಸ್ವಲ್ಪ ಚಾರ್ಜಿಗೆ ಹಾಕ್ರೇ."