ಒಂಟಿ ಗೊರಸಿನ ಕುದುರೆ

ಯೆವ್ಸೇಯ್ ಖರಿತೋನಿಚ್ ಎರಕ ಹೊಯ್ದ ಗಂಟೆಯನ್ನು ಒಮ್ಮೆ ಬಾರಿಸಿದರೆ ವೋಲ್ಗಾ ನದಿಯ ಆಚೆ ದಡದ ಹಸುಗಳು ತಾವಾಗಿಯೇ ಹಾಲು ಸುರಿಸುತ್ತಿದ್ದವು. ಹುಟ್ಟುಕಿವುಡರು ಎದ್ದು ಬಾಗಿಲು ತೆರೆದು, ಯಾರು ಬಂದದ್ದು ಎಂದು ಕೇಳುತ್ತಿದ್ದರು. ಇದಕ್ಕೆ ಕಾರಣ ಅವನ ತಾಮ್ರವೂ ಅಲ್ಲ, ತವರವೂ ಅಲ್ಲ, ಅವನ ಸುಳ್ಳು. ಗಂಟೆ ಹೊಯ್ಯುವ ಮೊದಲು ಪೇಟೆಗೊಂದು ಸುಳ್ಳು ಬಿಡುವುದು ಆ ಕಸುಬಿನ ಕಟ್ಟಳೆ. ಸುಳ್ಳು ಎಷ್ಟು ದೂರ ಓಡುತ್ತದೋ ಗಂಟೆಯ ದನಿ ಅಷ್ಟು ದೂರ ಹೋಗುತ್ತದೆ. ಅದು ಊರೆಲ್ಲ ಸುತ್ತಿ, ಮೈ ತುಂಬಿಕೊಂಡು, ಬಿಟ್ಟವನ ಕಿವಿಗೇ ಮರಳಿದ ಮೇಲೆಯೇ ಲೋಹ ಹೊಯ್ಯಬೇಕು. ಹಿಂದಿನ ದೊಡ್ಡ ಗಂಟೆಗೆ ಅವನು, ಬಿಷಪ್ಪರ ಗಡ್ಡದಲ್ಲಿ ಗುಬ್ಬಿ ಗೂಡು ಕಟ್ಟಿದೆ ಎಂದು ಬಿಟ್ಟಿದ್ದ. ಎಂಟನೆಯ ದಿನಕ್ಕೆ ಗುಬ್ಬಿ ಕೊಕ್ಕರೆಯಾಗಿ, ಮೂರು ಮರಿಗಳ ಸಮೇತ ಹಿಂದಿರುಗಿತ್ತು.

ತುರ್ಕರ ಮೇಲಿನ ಯುದ್ಧ ಮುಗಿದ ಮೂರನೆಯ ಬೇಸಿಗೆಯಲ್ಲಿ ಪೀಟರ್ಸ್‌ಬರ್ಗಿನಿಂದ ಆರ್ಸೇನಿ ಲ್ವೋವಿಚ್ ಎಂಬ ಶಿಲ್ಪಿ ಬಂದ. ಎದೆಗವಚಿಕೊಂಡಿದ್ದ ಪೆಟ್ಟಿಗೆಯಿಂದ ಮೊಳದುದ್ದದ ಮೇಣದ ಕುದುರೆಯೊಂದನ್ನು ಹೊರತೆಗೆದ. ಬೆನ್ನ ಮೇಲೆ ಕಸಾಕ್ ದಂಡಿನ ಸವಾರ. ಲಗಾಮನ್ನು ಹಲ್ಲಿನಲ್ಲಿ ಕಚ್ಚಿ, ಗಾಯಗೊಂಡ ಗೆಳೆಯನನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದಿದ್ದಾನೆ. ಕುದುರೆಯ ಮೂರು ಕಾಲು ಗಾಳಿಯಲ್ಲಿ. ಹಿಂದಿನ ಎಡಗಾಲಿನ ಗೊರಸು ಮಾತ್ರ ಅಂಗೈಯಗಲದ ನೆಲದ ಮೇಲೆ.

“ಹೊಟ್ಟೆ ಕೆಳಗೊಂದು ಮರದ ಮೋಟು ಇಡಿ, ಇಲ್ಲಾಂದ್ರೆ ಬೀಳುತ್ತೆ ಅಂತಾರೆ ನಮ್ಮೂರ ಎರಕದವರು,” ಎಂದ ಶಿಲ್ಪಿ. “ಓಡೋ ಕುದುರೆ ಮೋಟಿನ ಮೇಲೆ ಕೂತ್ಕೊಳ್ಳುತ್ತಾ, ಖರಿತೋನಿಚ್? ಎರಡು ವರ್ಷದ ಕೆಲಸ. ಈ ಮೇಣ ಅಚ್ಚಿನೊಳಗೆ ಕರಗಿದ್ಮೇಲೆ ನನ್ನ ಹತ್ರ ಇನ್ನೊಂದಿಲ್ಲ.”

“ಮೋಟು ಯಾಕೆ ಸ್ವಾಮಿ? ನಾನು ಹೊಯ್ದ್ರೆ ಗೊರಸೂ ಬೇಡ, ಬಾಲದ ಮೇಲೆ ನಿಲ್ಲುತ್ತೆ,” ಎಂದುಬಿಟ್ಟ ಯೆವ್ಸೇಯ್.

ಶಿಲ್ಪಿ ಛತ್ರಕ್ಕೆ ಹೋದದ್ದೇ ತಡ, ಯೆವ್ಸೇಯನ ಹೆಂಡತಿ ಗ್ಲಫೀರಾ ಚಹಾದ ಲೋಟ ಕುಕ್ಕಿದಳು.

“ಬಾಲದ ಮೇಲಂತೆ. ಗಂಟೆ ಆದ್ರೆ ತೂಗಿಹಾಕಿ ಕೈ ತೊಳ್ಕೋತೀಯ. ಇದು ನಿಂತ್ಕೋಬೇಕು, ಮುದುಕಾ.”

ಯೆವ್ಸೇಯ್ ಮೇಣದ ಕುದುರೆಯನ್ನು ಮೇಜಿನ ಮೇಲಿಟ್ಟು ಬೆರಳು ತೆಗೆದು ನೋಡಿದ. ಪಕ್ಕಕ್ಕೆ ವಾಲಿತು. ಮತ್ತೆ ಇಟ್ಟ, ಮತ್ತೆ ವಾಲಿತು. ನಲವತ್ತು ವರ್ಷ ಬೆಂಕಿಯ ಮುಂದೆ ಬೆವರದವನು ಅಂದು ತಣ್ಣನೆಯ ಕೋಣೆಯಲ್ಲಿ ಎರಡು ಕೊಡ ಬೆವರಿದ.

“ಗಂಟೆಗೆ ಕೂಗೋ ಸುಳ್ಳು ಸಾಕು,” ಎಂದ ಕೊನೆಗೆ. “ಕುದುರೆಗೆ ಓಡೋ ಸುಳ್ಳು ಬೇಕು.”

ಸೀದಾ ಮೀನುಪೇಟೆಗೆ ಹೋಗಿ, ಒಂದು ಊರಿಗೆ ಸಾಲುವಷ್ಟು ನಾಲಿಗೆಯಿದ್ದ ಉಸ್ತೀನ್ಯಾಳ ಅಂಗಡಿಯ ಮುಂದೆ ನಿಂತ.

“ಕೇಳ್ದೆಯೇನಮ್ಮಾ, ಬೆಳಗಾಗೋ ಹೊತ್ತಲ್ಲಿ ವೋಲ್ಗಾ ನೀರಿನ ಮೇಲೊಂದು ಕುದುರೆ ಓಡುತ್ತೆ. ಗೊರಸೂ ನೆನೆಯಲ್ಲ.”

“ನಿನ್ನೆ ಕುಡಿದದ್ದು ಇನ್ನೂ ಇಳಿದಿಲ್ವಾ, ಮಾವ?”

“ಇಳಿದಿದ್ರೆ ನನಗೆ ಕಾಣ್ತಿತ್ತಾ?”

ತಕ್ಕಡಿಯ ತಟ್ಟೆ ಸಮಕ್ಕೆ ನಿಲ್ಲುವಷ್ಟರಲ್ಲಿ ಆ ಕುದುರೆ ಪೇಟೆ ದಾಟಿತ್ತು. ಯೆವ್ಸೇಯನ ಕುಲುಮೆಯ ಹೊಗೆ ಕಂಡರೆ ಕೇಳಿದ್ದರಲ್ಲಿ ಅರ್ಧ ಮಾತ್ರ ನಂಬಬೇಕೆಂದು ಊರಿನ ಕೋಳಿಗಳಿಗೂ ಗೊತ್ತು. ಆ ಸುಳ್ಳು ಮೂರನೆಯ ದಿನ ಛತ್ರದೊಳಕ್ಕೆ ನುಗ್ಗಿತು. ಅಲ್ಲಿದ್ದ ಶಿಲ್ಪಿಗೆ ಮಾತ್ರ ಈ ಕಟ್ಟಳೆ ಗೊತ್ತಿರಲಿಲ್ಲ. ಅವನಿಗೆ ಯಾರೂ ಹೇಳಿಯೂ ಇರಲಿಲ್ಲ.

ನಾಲ್ಕನೆಯ ಬೆಳಗ್ಗೆ ಅವನು ಕೆಲಸದ ಕೊಟ್ಟಿಗೆಗೆ ಓಡಿ ಬಂದ. ತಲೆಯ ಮೇಲೆ ಟೊಪ್ಪಿಯಿಲ್ಲ, ಒಂದು ಕಾಲಿನಲ್ಲಿ ಬೂಟಿಲ್ಲ, ಮಂಡಿಯವರೆಗೆ ಕೆಸರು.

“ನೋಡ್ದೆ, ಖರಿತೋನಿಚ್.”

“ಏನನ್ನ?”

“ನೀರಿನ ಮೇಲಿನ ಕುದುರೆನ. ಮಂಜಿನೊಳಗಿಂದ ಬಂತು, ನನ್ನ ಮುಂದೇನೇ ಹಾದುಹೋಯ್ತು. ಕಣ್ಣು ಮಿಟುಕಿಸೋಷ್ಟು ಹೊತ್ತು ಒಂದೇ ಗೊರಸಿನ ಮೇಲಿತ್ತು.” ಅವನ ದನಿ ಇಳಿಯಿತು. “ನಾನು ಮಾಡಿದ್ದು ತಪ್ಪು. ಕಾಲು ಕೋಲಿನ ಹಾಗೆ ನೆಟ್ಟಗಿರಲ್ಲ. ಗೊರಸಿನ ಮೇಲಿನ ಗೆಣ್ಣು ನೆಲ ಮುಟ್ಟೋ ಹಾಗೆ ಬಾಗುತ್ತೆ. ಇಡೀ ಮೈ ಬಂದು ಅದರ ಮೇಲೆ ಕೂರುತ್ತೆ.”

ಯೆವ್ಸೇಯನ ಗಡ್ಡದ ಕೂದಲು ಒಂದೊಂದೂ ನೆಟ್ಟಗೆ ನಿಂತಿತು. ಗ್ಲಫೀರಾ ಅವನ ಪಕ್ಕೆ ತಿವಿದು ಪಿಸುಗುಟ್ಟಿದಳು: “ಹೇಳು ಅವರಿಗೆ, ಅದು ನೀನು ಬಿಟ್ಟಿದ್ದು ಅಂತ.”

“ಹೇಗೆ ಹೇಳ್ಲಿ? ಅವರು ನೋಡಿದ್ದಾರಲ್ಲೇ.” ಆಮೇಲೆ ಮೆಲ್ಲಗೆ ಕೇಳಿದ: “ಸ್ವಾಮಿ, ಗೊರಸು ನೆನೆದಿತ್ತಾ?”

“ಇಲ್ಲ.”

ಯೆವ್ಸೇಯ್ ಎದೆಯ ಮೇಲೆ ಮೂರು ಸಲ ಶಿಲುಬೆಯ ಗುರುತು ಹಾಕಿಕೊಂಡ. ಜೀವಮಾನವೆಲ್ಲ ಅವನು ಬಿಟ್ಟ ಸುಳ್ಳುಗಳು ದೊಡ್ಡವಾಗಿ ಮರಳಿದ್ದವು. ನಿಜವಾಗಿ ಮರಳಿದ್ದು ಇದೊಂದೇ. ದೋಣಿಯವನ ಕುದುರೆ ಹಗ್ಗ ಬಿಚ್ಚಿಕೊಂಡು, ಎರಡು ಬೆರಳು ನೀರಿದ್ದ ಮರಳುದಿಬ್ಬದ ಮೇಲೆ ಓಡಿತ್ತು ಎಂದು ಹೇಳುವವರೂ ಇದ್ದಾರೆ. ಹೊಟ್ಟೆಕಿಚ್ಚಿನವರು, ಹೇಳಿಕೊಳ್ಳಲಿ.

ಶಿಲ್ಪಿ ಚಹಾದ ನೀರು ಕಾಯಿಸುವ ಸಮೋವಾರಿನ ಬಿಸಿಗೆ ಮೇಣದ ಕಾಲನ್ನು ಹಿಡಿದು, ಉಸಿರು ಬಿಗಿಹಿಡಿದು ಬಾಗಿಸಿದ. ಅಷ್ಟು ಮೆತ್ತಗಾದ ಮೇಣವನ್ನು ನಿಲ್ಲಿಸಿ ನೋಡುವಂತಿರಲಿಲ್ಲ. ಅದರ ಮೇಲೆ ಮಣ್ಣು ಮೆತ್ತಿದರು, ಒಣಗಿಸಿದರು, ಸುಟ್ಟರು. ಎರಡು ವರ್ಷದ ಕೆಲಸ ಕೆಳಗಿನ ತೂತಿನಿಂದ ಹನಿಹನಿಯಾಗಿ ಹರಿದುಹೋಯಿತು. ಆ ಟೊಳ್ಳಿನೊಳಕ್ಕೆ ಯೆವ್ಸೇಯ್ ಕಂಚು ಹೊಯ್ದಾಗ ಮೂರು ಹರದಾರಿಯಾಚೆಯ ರೈತರು ಸೂರ್ಯ ಎರಡು ಸಲ ಹುಟ್ಟಿದನೆಂದು ಎರಡು ಸಲ ತಿಂಡಿ ತಿಂದರು.

ಎರಡು ದಿನ ಆರಲು ಬಿಟ್ಟು ಅಚ್ಚು ಒಡೆದರು. ಲೋಹ ಇಳಿದ ಕೊಳವೆಗಳೆಲ್ಲ ಗಟ್ಟಿಯಾಗಿ, ಕುದುರೆ ಕಂಚಿನ ಪೊದೆಯೊಂದರಲ್ಲಿ ಸಿಕ್ಕಿಕೊಂಡಂತೆ ಕಂಡಿತು. ಯೆವ್ಸೇಯ್ ಗರಗಸದಿಂದ ಒಂದೊಂದೇ ಕೊಂಬೆ ಕೊಯ್ದ. ಕೊನೆಯದು ಹೊಟ್ಟೆಯ ಕೆಳಗಿತ್ತು. ಗ್ಲಫೀರಾ ಎರಡೂ ಕೈಗಳಿಂದ ಕುದುರೆಯ ಕುತ್ತಿಗೆ ಹಿಡಿದುಕೊಂಡಳು. ಶಿಲ್ಪಿ ಗೋಡೆಗೆ ಮುಖ ಮಾಡಿ ನಿಂತ.

ಕೊನೆಯ ಕೊಂಬೆ ಕಳಚಿತು.

“ಕೈ ಬಿಡೇ.”

“ನನ್ನಿಂದಾಗಲ್ಲ. ನೀನೇ ಬಿಡಿಸು.”

ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಕಿರುಬೆರಳು ಬಿಟ್ಟಾಗ ಕುದುರೆ ಸಣ್ಣಗೆ ನಡುಗಿತು. ಆಮೇಲೆ ಅದರ ಭಾರವೆಲ್ಲ ಆ ಬಾಗಿದ ಗೆಣ್ಣಿಗೆ ಇಳಿಯಿತು. ನಡುಕ ನಿಂತಿತು, ಕುದುರೆಯೂ ನಿಂತಿತು. ಈಗ ಅದು ಪೀಟರ್ಸ್‌ಬರ್ಗಿನ ವಸ್ತುಸಂಗ್ರಹಾಲಯದಲ್ಲಿದೆ. ಎಲ್ಲಿ ಓಡಿಬಿಡುತ್ತದೋ ಎಂದು ಕಾವಲಿನ ಹೆಂಗಸರು ಆ ಕೋಣೆಯ ಕಿಟಕಿ ತೆರೆಯುವುದಿಲ್ಲವಂತೆ.

ಶಿಲ್ಪಿ ಇನ್ನೂ ಗೋಡೆಯ ಕಡೆಗೇ ನೋಡುತ್ತಿದ್ದ. “ಏನಾಯ್ತು? ಏನಾದ್ರೂ ಹೇಳು, ಖರಿತೋನಿಚ್.”

ಯೆವ್ಸೇಯ್ ಟೊಪ್ಪಿ ತೆಗೆದು, ಬಗ್ಗಿ, ಕುದುರೆಯ ಹೊಟ್ಟೆಯ ಕೆಳಗೆ ಅಂಗೈ ಆಡಿಸಿದ. ಅಲ್ಲಿ ಗಾಳಿಯಲ್ಲದೆ ಏನೂ ಇರಲಿಲ್ಲ. ನಂಬಿಕೆ ಬಾರದೆ ಇನ್ನೊಮ್ಮೆ ಆಡಿಸಿದ.