ಎರಡನೇ ರೆಪ್ಪೆ

ಕಳೆದ ತಿಂಗಳು ಎಡಗಣ್ಣಿನ ಜೋತುಬಿದ್ದ ರೆಪ್ಪೆಯ ಆಪರೇಷನ್ನಿನಲ್ಲಿ ಟೈಲರಮ್ಮನಿಗೆ ಕೊಯ್ದದ್ದು ಗೊತ್ತೇ ಆಗಿರಲಿಲ್ಲ. ಆದರೆ ಅದಕ್ಕೂ ಮೊದಲು ಚುಚ್ಚಿದ ಮರಗಟ್ಟಿಸುವ ಇಂಜೆಕ್ಷನ್ನಿಗೆ ಜೀವ ಬಾಯಿಗೆ ಬಂದಿತ್ತು. ಇವತ್ತು ಬಲಗಣ್ಣಿನ ಸರದಿ. ನರ್ಸು ಫ್ರಿಜ್ಜಿನಿಂದ ಔಷಧಿಯ ಸೀಸೆ ತೆಗೆದದ್ದೇ ತಡ, ಮಲಗಿದ್ದವಳು ಎದ್ದು ಕೂತು ಅದನ್ನು ಕಸಿದು ಮುಷ್ಟಿಯಲ್ಲಿ ಬಿಗಿಹಿಡಿದಳು.

"ಏನಮ್ಮಾ ಇದು? ಹೊರಗೆ ಇನ್ನೂ ಆರು ಜನ ಕಾಯ್ತಿದ್ದಾರೆ," ಎಂದರು ಡಾಕ್ಟರು.

"ಕಾಯ್ಲಿ. ಇದು ಐಸ್ ಥರ ಕೊರೀತಿದೆ, ಹೋದ್ಸಲ ಅಷ್ಟು ಉರಿದದ್ದು ಇದಕ್ಕೇ. ಬೆಚ್ಚಗಾದ್ಮೇಲೆ ಕೊಡ್ತೀನಿ."

"ಡಾಕ್ಟರು ನೀವೋ ನಾನೋ?"

"ನೀವೇ ಸ್ವಾಮಿ. ಆದ್ರೆ ಸೂಜಿ ಹಿಡಿದು ಮೂವತ್ತು ವರ್ಷ ಆಗಿರೋದು ನನಗೆ. ರೇಷ್ಮೆ ಮೇಲೆ ದಪ್ಪ ಸೂಜಿ ದಡಬಡ ಓಡಿಸ್ತಾರಾ? ಸಣ್ಣದು ಹಾಕಿ, ನಿಧಾನಕ್ಕೆ ಬಿಡಿ."

ನರ್ಸು ನಗು ನುಂಗಲು ಗೋಡೆಯ ಕಡೆ ತಿರುಗಿದಳು. ಡಾಕ್ಟರು ಗಡಿಯಾರ ನೋಡಿದರು, ಗದರಿದರು, ಕೊನೆಗೆ ಸ್ಟೂಲಿನ ಮೇಲೆ ಕೂತರು. ಮುಷ್ಟಿ ಸಡಿಲವಾಗಲಿಲ್ಲ. ಐದು ನಿಮಿಷದ ಮೇಲೆ ಅವಳು ಸೀಸೆಯನ್ನು ಕೆನ್ನೆಗೆ ಒತ್ತಿ ನೋಡಿ ಕೊಟ್ಟಳು. ಡಾಕ್ಟರು ಸಣ್ಣ ಸೂಜಿ ಹಾಕಿ ಔಷಧಿಯನ್ನು ಹನಿಹನಿಯಾಗಿ ಬಿಟ್ಟರು.

"ನೋವಾಯ್ತಾ?"

"ಇರುವೆ ಕಚ್ಚಿದಷ್ಟು. ಹೋದ ತಿಂಗಳು ನೀವೇ ಕಚ್ಚಿದ್ರಿ," ಎಂದವಳು ನರ್ಸಿಗೆ ಹೇಳಿದಳು: "ತಾಯೀ, ಆ ಆರು ಜನರ ಸೀಸೆಗಳನ್ನೂ ಈಗಲೇ ಆಚೆ ತೆಗೆದಿಡು. ಇಲ್ದಿದ್ರೆ ಹೊರಗೆ ಹೋಗಿ ಎಲ್ಲರಿಗೂ ಕಸಿಯೋದು ಹೇಳ್ಕೊಡ್ತೀನಿ."