ಅನ್ನದ ಅಂಟಿನ ಹೂಗೊಂಚಲು

ಶೆರ್ಲಿನ್ ತನ್ನ ಕಪಾಟಿನಲ್ಲಿದ್ದ ಹಲ್ವಾ ಡಬ್ಬಿಯನ್ನು ಯಾರಿಗೂ ತೋರಿಸಿದವಳಲ್ಲ. ಅದರೊಳಗೆ ಜಪಾನಿ ಹೆಂಗಸರು ಮುಡಿಗೆ ಸಿಕ್ಕಿಸಿಕೊಳ್ಳುವ ಹತ್ತೊಂಬತ್ತು ಒಡವೆಗಳಿದ್ದವು. ಕನ್ಜಾಶಿ ಎನ್ನುತ್ತಾರೆ. ಒಂದೊಂದನ್ನೂ ತರಿಸಿಕೊಂಡ ದಿನ, ಅದರ ಮರ ಇಲ್ಲವೇ ಬಟ್ಟೆ, ಅದನ್ನು ಮಾಡಿದ ಊರು ಎಲ್ಲವೂ ಅವಳ ಡೈರಿಯಲ್ಲಿತ್ತು. ಅವುಗಳಲ್ಲಿ ಅವಳ ಜೀವವಿದ್ದದ್ದು ನೇರಳೆ ರೇಷ್ಮೆಯ ಹೂಗೊಂಚಲಿನಲ್ಲಿ. ಉಗುರಿನಷ್ಟು ಬಟ್ಟೆಯನ್ನು ಚಿಮಟದಲ್ಲಿ ಮಡಚಿ, ಅನ್ನದ ಅಂಟಿನಿಂದ ಎಸಳೆಸಳಾಗಿ ಕೂರಿಸಿದ್ದು, ಅಜ್ಜಿಯಷ್ಟು ವಯಸ್ಸಿನದು. ತೇವ ತಾಗಿದರೆ ಕಳಚಿ ಹೋಗುವಂಥದ್ದು. ಮಸ್ಕತ್ತಿನ ಸೆಕೆಗೆ ಹೆದರಿ, ಆಫೀಸಿಗೆ ಹೋಗುವಾಗಲೂ ಅವಳು ಕೋಣೆಯ ಎಸಿ ಆರಿಸುತ್ತಿರಲಿಲ್ಲ. ಅದಕ್ಕೆ ಮಮ್ಮಿಯ ಬೈಗುಳ ಬೇರೆ.

ಅಕ್ಕ ಶಾಲೆಟ್‌ಳ ರೋಸ್ ಬಂತು. ಮದುವೆಯ ಮುನ್ನಾದಿನ ಮದುಮಗಳಿಗೆ ಎಣ್ಣೆ, ತೆಂಗಿನಹಾಲು ಹೊಯ್ಯುವ ಶಾಸ್ತ್ರ ಅದು. ಮಂಗಳೂರಿನ ವಿಮಾನದಲ್ಲಿ ಬರಬೇಕಿದ್ದ ಮಲ್ಲಿಗೆ ಬರಲಿಲ್ಲ. ಬರಿ ಮುಡಿಯಲ್ಲಿ ಕೂರುವುದುಂಟೇ ಎಂದು ಮಮ್ಮಿ ಕ್ಯಾರೋಲಿನ್ ಕಪಾಟುಗಳನ್ನೂ ಬಿಡದೆ ಮನೆಯಿಡೀ ತಡಕಾಡಿದರು. ಶೆರ್ಲಿನ್ ತೆಂಗಿನಹಾಲಿನ ಪಾತ್ರೆ ಹಿಡಿದು ಅಲ್ ಅಜೈಬಾದ ತಮ್ಮ ಬಾಡಿಗೆ ವಿಲ್ಲಾದ ಅಂಗಳಕ್ಕೆ ಬಂದರೆ, ಅವಳ ಗೊಂಚಲು ಅಕ್ಕನ ತುರುಬಿನಲ್ಲಿ ತೂಗುತ್ತಿತ್ತು.

ಡ್ಯಾಡಿ ಎಲಿಯಾಸ್ ಹಣೆಗೆ ಎಣ್ಣೆಯ ಶಿಲುಬೆ ಎಳೆದು ಸರಿದರು. ಮಮ್ಮಿ ಕೆನ್ನೆಗಷ್ಟೇ ಸವರಿದರು. ಮುಂದಿನ ಸರದಿ ತಂಗಿಯದು. ಅವಳು ನೆತ್ತಿಗೆ ಹಾಲು ಹೊಯ್ಯಬೇಕು.

ಶೆರ್ಲಿನ್ ಬಗ್ಗಿ ಅಕ್ಕನ ಕಿವಿಯಲ್ಲಿ, "ಅದನ್ನು ತೆಗಿತೇನೆ. ಹಾಳಾಗ್ತದೆ," ಎಂದಳು. ಕೈ ಆಗಲೇ ತುರುಬಿನತ್ತ ಹೋಗಿತ್ತು.

"ಒಂದು ದಿನ ಕೊಡ್ಲಿಕ್ಕೂ ಮನಸ್ಸಿಲ್ವಾ ನಿಂಗೆ?" ಕ್ಯಾಮೆರಾದತ್ತ ನಗುತ್ತಲೇ ಶಾಲೆಟ್ ಕೇಳಿದಳು.

ಚಿಕ್ಕಮ್ಮ ಸ್ಟೆಲ್ಲಾ ಅಷ್ಟಕ್ಕೆ ಬಿಡುತ್ತಾರೆಯೇ? "ಮದುಮಗಳ ತಲೆಯಿಂದಲೇ ಕೀಳ್ಲಿಕ್ಕೆ ಹೊರಟಿದ್ದಾಳೆ ನೋಡಿ. ಕ್ಯಾರೋಲಿನ್, ಇವಳಿಗೂ ಬೇಗ ಒಂದು ಹುಡುಗನ್ನ ಹುಡುಕು ಮಾರಾಯ್ತಿ."

ಅಂಗಳವೆಲ್ಲ ನಕ್ಕಿತು. ಈ ಹೊತ್ತಿನಲ್ಲಿ ಮುಡಿಯ ಹೂವು ತೆಗೆಯುವುದು ಒಳ್ಳೆಯದಲ್ಲ ಎಂದು ಯಾರೋ ಗೊಣಗಿದರು. ಅನ್ನದ ಅಂಟಿನ ಬಗ್ಗೆ ಡೈರಿಯಲ್ಲಿ ನಾಲ್ಕು ಪುಟ ಬರೆದವಳು ಅಷ್ಟು ಮುಖಗಳ ಮುಂದೆ ಕೈ ಹಿಂತೆಗೆದು, ಪಾತ್ರೆಯಿಂದ ಲೋಟ ತುಂಬಿಕೊಂಡಳು. ಹೊಯ್ದಳು. ಶಾಸ್ತ್ರಕ್ಕೆ ಬೇಕಾದಷ್ಟಲ್ಲ, ಲೋಟ ಖಾಲಿಯಾಗುವಷ್ಟು. ನೇರಳೆ ಎಸಳುಗಳು ಕಳಚಿ, ಹಾಲಿನೊಂದಿಗೆ ಅಕ್ಕನ ಬೆನ್ನಮೇಲೆ ಜಾರಿದವು.

ಆಮೇಲೆ ನೆಂಟರೆಲ್ಲ ಹೊಯ್ದರು. ಕೊನೆಗೆ ತಂತಿ ಚುಚ್ಚುತ್ತದೆಂದು ಶಾಲೆಟ್ ಅದನ್ನು ಕಿತ್ತು ತಂಗಿಯ ಕೈಗಿಟ್ಟಳು.

"ಚಿನ್ನದ್ದಲ್ವಲ್ಲ, ಪುಣ್ಯ," ಎಂದರು ಮಮ್ಮಿ. "ಆನ್‌ಲೈನಲ್ಲಿ ಡಜನ್‌ಗಟ್ಟಲೆ ಸಿಗ್ತದೆ. ಮುಖ ಯಾಕೆ ಹಾಗೆ ಮಾಡ್ತಿ?"

ಶೆರ್ಲಿನ್ ನೆಲದ ಎಸಳುಗಳನ್ನು ಹೆಕ್ಕಲು ಬಗ್ಗಿದಳು. ಯಾರಾದರೂ ಜಾರಿ ಬಿದ್ದಾರು, ಮೊದಲು ಪೈಪು ಹಿಡಿದು ಅಂಗಳ ತೊಳೆ ಎಂದರು ಸ್ಟೆಲ್ಲಾ.

ಅವಳು ತೊಳೆದಳು.